ಗಾಳಿಯ ಕಾರು, ನೀರಿನ ಕಾರು

ಹಳೆಯದು ಮೇಲೋ ಹೊಸದು ಮೇಲೋ ಎಂಬ ಜಗಳಕ್ಕೆ ನಮ್ಮ ಮನೆಗಳಲ್ಲಿ ಎಂದೂ ಬರವಿಲ್ಲ. ಒರಳಿನಲ್ಲಿ ರುಬ್ಬಿದ ಚಟ್ನಿಯ ರುಚಿ ಮಿಕ್ಸಿಯ ಚಟ್ನಿಗೆ ಬಾರದು ಎಂದು ಊಟಕ್ಕೆ ಕೂತವರು ಹೇಳುತ್ತಾರೆ. ರುಬ್ಬುವವಳು ಸುಮ್ಮನೆ ಮಿಕ್ಸಿಯ ಗುಂಡಿ ತಿರುಗಿಸುತ್ತಾಳೆ. ಇಂಥ ನೂರು ವ್ಯಾಜ್ಯಗಳಿಗೆ ದಿನವೂ ತೀರ್ಪು ಕೊಡುವ ನಾವು, ಕಾರಿನ ವಿಷಯ ಬಂತೆಂದರೆ ಮಾತ್ರ ಹಿಂದಿನ ಸೀಟಿಗೆ ಸರಿದುಬಿಡುತ್ತೇವೆ. ಅದು ಗಂಡಸರ ಮಾತು ಎಂದು ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠ ಮಾಡುವವಳು. ಕಾರು ಓಡಿಸಲು ಬರುವುದಿಲ್ಲ. ಆದರೂ ಒಂದು ಕಾರಿನ ಕುರಿತು ವಿಮರ್ಶೆ ಬರೆಯಲು ಹೊರಟಿದ್ದೇನೆ. ಹಾಡಲು ಬಾರದವರು ಸಂಗೀತದ ವಿಮರ್ಶೆ ಬರೆಯುವುದಿಲ್ಲವೇ, ಹಾಗೆ ಎಂದುಕೊಳ್ಳಿ.

ಕಾರಿನ ಹೆಸರು ಪೋರ್ಷೆ 911. ಜರ್ಮನಿಯ ಸ್ಟುಟ್‌ಗಾರ್ಟ್ ನಗರಕ್ಕೆ ಸೇರಿದ ಝುಫೆನ್‌ಹೌಸನ್ ಅದರ ತವರು. ನನ್ನ ತಮ್ಮ ಹದಿನೈದು ವರ್ಷಗಳಿಂದ ಅದೇ ನಗರದಲ್ಲಿ ಇಂಜಿನಿಯರಾಗಿದ್ದಾನೆ. ಐವತ್ತು ತುಂಬುವುದರೊಳಗೆ ಒಂದು ಹಳೆಯ 911 ಕೊಳ್ಳಬೇಕೆಂಬುದು ಅವನ ಬಹುದಿನದ ಆಸೆ. ಈಗ ಎರಡು ಕಾರುಗಳನ್ನು ಗೊತ್ತುಮಾಡಿಕೊಂಡು ಯಾವುದೆಂದು ತಿಳಿಯದೆ ಒದ್ದಾಡುತ್ತಿದ್ದಾನೆ. ಒಂದು 1987ರದು, ಇನ್ನೊಂದು 1999ರದು. ವಿಚಿತ್ರವೆಂದರೆ ಹನ್ನೆರಡು ವರ್ಷ ಹೆಚ್ಚು ವಯಸ್ಸಾದ ಕಾರಿಗೇ ಬೆಲೆ ಹೆಚ್ಚು. "ಅತ್ತಿಗೆ, ನೀವಾದ್ರೂ ಒಂದು ಮಾತು ಹೇಳಿ, ಮನೇಲಿ ಊಟದ ಹೊತ್ತಿಗೂ ಇದೇ ಮಾತು" ಎಂದು ಅವನ ಹೆಂಡತಿ ಫೋನು ಮಾಡಿದಳು. ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ನಾನೂ ಅಲ್ಲಿಗೆ ಹೋಗಿ, 2009ರಲ್ಲಿ ತೆರೆದ ಅವರ ಕಾರ್ ಮ್ಯೂಸಿಯಮ್ಮಿನಲ್ಲಿ ಒಂದು ಇಡೀ ದಿನ ತಿರುಗಾಡಿದ್ದೆ. ಅಂದಿನಿಂದ ಈ ಕಾರಿನ ಕಥೆಯನ್ನು ಓದಿಕೊಂಡೇ ಬಂದಿದ್ದೇನೆ. ಹಾಗಾಗಿ ತಮ್ಮನಿಗೆ ಹೇಳಬೇಕಾದ ಮಾತನ್ನು ಸ್ವಲ್ಪ ವಿಸ್ತಾರವಾಗಿ ನಿಮ್ಮ ಮುಂದೆಯೂ ಇಡುತ್ತಿದ್ದೇನೆ.

ಮೊದಲು ಇದರ ಜಾತಕ ನೋಡೋಣ. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಈ ಕಾರನ್ನು ಮೊದಲು ಜನರ ಮುಂದಿಟ್ಟಾಗ ಅದರ ಹೆಸರು 901. ನಡುವೆ ಸೊನ್ನೆ ಇರುವ ಮೂರಂಕಿಯ ಹೆಸರುಗಳು ತಮ್ಮವೆಂದು ಫ್ರಾನ್ಸಿನ ಪ್ಯೂಜೋ ಕಂಪನಿ ತಕರಾರು ತೆಗೆದದ್ದರಿಂದ ಸೊನ್ನೆ ಹೋಗಿ ಒಂದು ಬಂತು. ರೂಪ ಕೊಟ್ಟವರು ಸಂಸ್ಥಾಪಕರ ಮೊಮ್ಮಗ ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಷೆ. ಆರು ಸಿಲಿಂಡರಿನ, 130 ಅಶ್ವಶಕ್ತಿಯ ಇಂಜಿನ್ನು. ಹೆಚ್ಚಿನ ಕಾರುಗಳಲ್ಲಿ ಮುಂದಿರುವ ಇಂಜಿನ್ನು ಇದರಲ್ಲಿ ಹಿಂದಿನ ಚಕ್ರಗಳಿಗೂ ಆಚೆ, ಬೆನ್ನಿಗೆ ಕಟ್ಟಿದ ಮಗುವಿನ ಹಾಗೆ ಕೂತಿದೆ. ಅದನ್ನು ತಣ್ಣಗಿಡಲು ನೀರಿಲ್ಲ. ದೊಡ್ಡದೊಂದು ಫ್ಯಾನು ಬೀಸುವ ಗಾಳಿ, ಜೊತೆಗೆ ಎಣ್ಣೆ, ಅಷ್ಟೇ. ಅದಕ್ಕೇ ಇದು ಗಾಳಿಯ ಕಾರು.

ಹಿಂಭಾರದ ಗಾಡಿಯ ಗುಣ ಹಳ್ಳಿಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಎತ್ತಿನ ಗಾಡಿಗೆ ಹಿಂದೆ ಹೇರು ಹೆಚ್ಚಾದರೆ ಮೂಕಿ ಮೇಲೇಳುತ್ತದೆ. ಈ ಕಾರಿಗೂ ಅದೇ ದೋಷ. ತಿರುವಿನಲ್ಲಿ ವೇಗವಾಗಿ ಹೋಗುತ್ತಿರುವಾಗ ಹೆದರಿ ಪೆಡಲಿನಿಂದ ಕಾಲು ತೆಗೆದರೆ ಭಾರವೆಲ್ಲ ಮುಂದಕ್ಕೆ ಸರಿದು, ಹಿಂದಿನ ಚಕ್ರಗಳ ಹಿಡಿತ ತಪ್ಪಿ, ಕಾರಿನ ಹಿಂಭಾಗ ಹೊರಕ್ಕೆ ಬೀಸಿಬಿಡುತ್ತದೆ. ಆರಂಭದ ದಿನಗಳಲ್ಲಿ ಇದಕ್ಕೆ ಪರಿಹಾರವೆಂದು ಮುಂದಿನ ಬಂಪರಿನೊಳಗೆ ತೂಕ ತುಂಬಿದ್ದರಂತೆ. ಆಮೇಲೆ 1969ರ ಮಾದರಿಯಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರವನ್ನೇ 57 ಮಿಲಿಮೀಟರು ಹೆಚ್ಚಿಸಿದರು. ಇಂಜಿನ್ನನ್ನು ಮುಂದಕ್ಕೆ ತಂದಿದ್ದರೆ ಸುಲಭವಾಗುತ್ತಿತ್ತಲ್ಲ ಎಂದು ನನಗೂ ಅನ್ನಿಸಿತು. ಆದರೆ ಈ ಕಾರಿನ ಸ್ವಾರಸ್ಯವೇ ಅಲ್ಲಿದೆ. ಒಂದು ಹಟವನ್ನು ಬಿಡದೆ, ಆ ಹಟದಿಂದ ಹುಟ್ಟಿದ ತೊಂದರೆಗಳನ್ನು ಒಂದೊಂದಾಗಿ ಬಿಡಿಸುತ್ತ ಅರವತ್ತು ವರ್ಷ ಬದುಕಿದ ಕಾರು ಇದು.

ನಡುವೆ ಒಮ್ಮೆ ಇದರ ಆಯುಸ್ಸು ಮುಗಿದೇ ಹೋಗಿತ್ತು. ಮುಂದೆ ಇಂಜಿನ್ನಿರುವ, ನೀರಿನಿಂದ ತಣಿಯುವ 928 ಎಂಬ ಕಾರು 1977ರಲ್ಲಿ ಬಂದಾಗ ಇನ್ನು 911 ಬೇಡವೆಂದು ಕಂಪನಿಯ ಹಿರಿಯರು ಎಣಿಸಿದ್ದರು. 1981ರಲ್ಲಿ ಮುಖ್ಯಸ್ಥರಾಗಿ ಬಂದ ಪೀಟರ್ ಶುಟ್ಜ್, ಇಂಜಿನಿಯರ್ ಹೆಲ್ಮುಟ್ ಬೊಟ್ ಅವರ ಕೋಣೆಯಲ್ಲಿದ್ದ ಯೋಜನೆಯ ನಕ್ಷೆಯನ್ನು ನೋಡಿದರು. ಅದರಲ್ಲಿ 911ರ ಗೆರೆ ಅಲ್ಲಿಗೇ ನಿಂತಿತ್ತು. ಅವರು ಪೆನ್ನು ತೆಗೆದುಕೊಂಡು ಆ ಗೆರೆಯನ್ನು ಕಾಗದದ ಅಂಚು ದಾಟಿಸಿ ಗೋಡೆಯ ಮೇಲೂ ಎಳೆದರಂತೆ. ತಮ್ಮ ಗೊತ್ತುಮಾಡಿರುವ 1987ರ ಕಾರು ಆ ಗೆರೆಯ ಫಲ. ಅದು 3.2 ಲೀಟರಿನ, 231 ಅಶ್ವಶಕ್ತಿಯ ಕರೇರಾ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. 1989ರ ಪೀಳಿಗೆಯಲ್ಲಿ (ಅವರ ಲೆಕ್ಕದಲ್ಲಿ 964) ಪವರ್ ಸ್ಟೀರಿಂಗೂ ಚಕ್ರ ಜಾಮಾಗದಂತೆ ತಡೆಯುವ ಬ್ರೇಕೂ ಬಂದವು. 1993ರಲ್ಲಿ ಬಂದ 993ಕ್ಕೆ ಹೊಸ ಬಗೆಯ ಹಿಂದಿನ ಆಕ್ಸಲ್ ಕೊಟ್ಟಿದ್ದರಿಂದ ಬಾಲ ಬೀಸುವ ಚಾಳಿ ಬಹಳಮಟ್ಟಿಗೆ ಅಡಗಿತು. ಗಾಳಿಯ ಕಾರುಗಳಲ್ಲಿ ಅದೇ ಕೊನೆಯದು, 1998ಕ್ಕೆ ಮುಗಿಯಿತು. 1997ರಲ್ಲಿ ತೋರಿಸಿದ 996 ನೀರಿನ ಕಾರು. 3.4 ಲೀಟರು, 300 ಅಶ್ವಶಕ್ತಿ. ಹೊಗೆ ಮತ್ತು ಶಬ್ದದ ಕಾನೂನುಗಳು ಬಿಗಿಯಾಗುತ್ತಿದ್ದವು. ಒಂದೊಂದು ಸಿಲಿಂಡರಿಗೂ ನಾಲ್ಕು ವಾಲ್ವು ಇಟ್ಟರೆ ಶಕ್ತಿ ಹೆಚ್ಚುತ್ತದೆ, ಹೊಗೆ ತಗ್ಗುತ್ತದೆ. ಆದರೆ ಆ ಬಿಸಿಯನ್ನು ಬರಿಯ ಗಾಳಿಯಿಂದ ತಣಿಸುವುದು ಕಷ್ಟ. ನೀರು ಬಿಸಿಯನ್ನೂ ಹೀರುತ್ತದೆ, ಸದ್ದನ್ನೂ ನುಂಗುತ್ತದೆ. ತಮ್ಮನ ಎರಡನೆಯ ಆಯ್ಕೆ ಇದೇ.

ಬಂದದ್ದೇ ತಡ, ಈ ಕಾರಿನ ಮೇಲೆ ಬೈಗುಳದ ಮಳೆ. ಅಭಿಮಾನಿಗಳ ದೂರುಗಳನ್ನೆಲ್ಲ ಓದಿ ನೋಡಿದ್ದೇನೆ. ಮುಖ್ಯವಾದವು ಮೂರು: ರೂಪ ಕೆಟ್ಟಿತು, ದನಿ ಕೆಟ್ಟಿತು, ಕುಲ ಕೆಟ್ಟಿತು. ಒಂದೊಂದಾಗಿ ವಿಚಾರಿಸೋಣ.

ರೂಪದ ದೂರಿನಲ್ಲಿ ಹುರುಳಿದೆ. ದುಂಡಗಿನ ಕಣ್ಣುಗಳಿದ್ದ ಕಾರಿಗೆ ಹೆಡ್‌ಲೈಟೂ ಇಂಡಿಕೇಟರೂ ಕಲಸಿಕೊಂಡ ಆಕಾರದ ದೀಪಗಳನ್ನಿಟ್ಟರು. ನಮ್ಮ ಹೋಟೆಲುಗಳಲ್ಲಿ ಬುಲ್ಸ್‌ಐ ಎನ್ನುತ್ತಾರಲ್ಲ, ಆ ಮೊಟ್ಟೆಯನ್ನು ಬಾಣಲೆಯಲ್ಲಿ ಒಡೆದು ಹಾಕಿದ ಹಾಗಿದೆ ಎಂದು ಅಲ್ಲಿಯವರೂ ಹಾಸ್ಯ ಮಾಡಿದರು. ಸಾಲದ್ದಕ್ಕೆ ಆ ಮುಖವನ್ನು ಕಡಿಮೆ ಬೆಲೆಯ ಬಾಕ್ಸ್‌ಸ್ಟರ್ ಎಂಬ ಕಾರಿನೊಂದಿಗೆ ಹಂಚಿಕೊಂಡಿತ್ತು. ಅಕ್ಕತಂಗಿಯರಿಗೆ ಒಂದೇ ತಾನಿನಲ್ಲಿ ಲಂಗ ಹೊಲಿಸಿದಂತೆ! ಹಾಗೇಕೆ ಮಾಡಿದರು? 1990ರ ದಶಕದ ಮೊದಲಲ್ಲಿ ಕಂಪನಿ ನಷ್ಟದಲ್ಲಿ ಮುಳುಗುತ್ತಿತ್ತು. ಜಪಾನಿನಿಂದ ತಜ್ಞರನ್ನು ಕರೆಸಿ ಕಾರ್ಖಾನೆಯ ದುಂದನ್ನು ಕಡಿಮೆ ಮಾಡಿದರು. ಎರಡು ಕಾರುಗಳಿಗೆ ಭಾಗಗಳನ್ನು ಹಂಚಿ ಖರ್ಚು ಉಳಿಸಿದರು. ತಿಂಗಳ ಕೊನೆಯ ವಾರದಲ್ಲಿ ಅಡಿಗೆ ಮಾಡುವವಳಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. 996 ಕಾರುಗಳು 1,75,000ಕ್ಕೂ ಹೆಚ್ಚು ತಯಾರಾದವು. ಮನೆ ಉಳಿಸಿದ ಸೊಸೆಯನ್ನು ರೂಪ ಸಾಲದೆಂದು ಹೀಗಳೆಯುವುದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. 2004ರ 997ರಲ್ಲಿ ದುಂಡು ಕಣ್ಣುಗಳನ್ನು ಮರಳಿ ತಂದರು. ದುಂಡು ಕಣ್ಣು ತರುವ ಹೊತ್ತಿಗೆ ಕಂಪನಿಯ ಹೊಟ್ಟೆ ತುಂಬಿತ್ತು ಎಂಬುದನ್ನು ಮರೆಯಬಾರದು.

ದನಿಯ ದೂರನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಳೆಯ ಇಂಜಿನ್ನಿನ ದನಿಯನ್ನು ಸ್ಟುಟ್‌ಗಾರ್ಟಿನ ಬೀದಿಯಲ್ಲಿ ಕೇಳಿದ್ದೇನೆ. ಹೊಲಿಗೆ ಯಂತ್ರ, ಗಿರಣಿ, ದೂರದ ಗುಡುಗು ಮೂರೂ ಸೇರಿದಂಥ, ತುಸು ಒಣಗಿದ ಗಂಟಲಿನ ದನಿ. ಹೊಸದರ ದನಿ ನಯವಾಗಿದೆ. ಹತ್ತರ ಜೊತೆ ಹನ್ನೊಂದಾಗುತ್ತದೆ. ಇಲ್ಲಿ ಹಳೆಯದಕ್ಕೇ ಅಂಕ.

ಮೂರನೆಯದು ಕುಲದ ಮಾತು. ನೀರು ಮುಟ್ಟಿದ್ದರಿಂದ ಇದು ನಿಜವಾದ 911 ಅಲ್ಲ, ಶುದ್ಧವಲ್ಲ ಎನ್ನುವುದು. ನಮ್ಮ ದೇಶದವರಿಗೆ ಈ ಧಾಟಿಯ ಮಾತು ಹೊಸದಲ್ಲವಾದ್ದರಿಂದ ನನಗೆ ಇಲ್ಲಿ ಕಿವಿ ನೆಟ್ಟಗಾಯಿತು. ಈ ವಾದಕ್ಕೆ ಉತ್ತರ ಹೇಳಬಲ್ಲವಳು ಅದೇ ಸೀಮೆಯ ಒಬ್ಬ ಹೆಣ್ಣುಮಗಳು, ಬೆರ್ಥಾ ಬೆಂಝ್. ಆಕೆಯ ಗಂಡ ಕಾರ್ಲ್ ಬೆಂಝ್ ಮೋಟಾರು ಗಾಡಿ ಕಟ್ಟಿದ್ದರೂ ಅದನ್ನು ಕೊಳ್ಳುವವರಿರಲಿಲ್ಲ. 1888ರ ಆಗಸ್ಟಿನಲ್ಲಿ ಆಕೆ ಗಂಡನಿಗೂ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತನ್ನ ತವರೂರು ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಆ ಗಾಡಿಯಲ್ಲೇ ಹೋದಳು. ಇಂಧನವನ್ನು ಔಷಧಿ ಅಂಗಡಿಯಲ್ಲಿ ಕೊಂಡಳು. ಕಟ್ಟಿಕೊಂಡ ಇಂಧನದ ನಳಿಗೆಯನ್ನು ಟೋಪಿಯ ಪಿನ್ನಿನಿಂದ ಬಿಡಿಸಿದಳು. ಸವೆದ ಬ್ರೇಕಿಗೆ ಚಮ್ಮಾರನಿಂದ ತೊಗಲು ಹೊಡೆಸಿದಳು. ಮತ್ತೆ ದಾರಿಯುದ್ದಕ್ಕೂ ಸಿಕ್ಕಸಿಕ್ಕಲ್ಲಿ ಇಂಜಿನ್ನಿಗೆ ನೀರು ತುಂಬಿದಳು. ಹೌದು, ಲೋಕದ ಮೊದಲ ದೂರಪ್ರಯಾಣ ಮಾಡಿದ ಆ ಕಾರು ತಣಿದದ್ದು ನೀರಿನಿಂದ. ಹಾಗಿದ್ದ ಮೇಲೆ ಶುದ್ಧ ಯಾವುದು, ಬೆರಕೆ ಯಾವುದು? ಎಷ್ಟು ಹಿಂದಕ್ಕೆ ಹೋಗಿ ನಿಲ್ಲುತ್ತೇವೆ ಎನ್ನುವುದರ ಮೇಲೆ ನಮ್ಮ ಸಂಪ್ರದಾಯ ನಿಂತಿರುತ್ತದೆ. ನಿಲ್ಲುವ ಜಾಗವನ್ನು ನಾವು ನಮ್ಮ ಬಾಲ್ಯಕ್ಕೆ ಅನುಕೂಲವಾಗುವಂತೆ ಆರಿಸಿಕೊಳ್ಳುತ್ತೇವೆ, ಅಷ್ಟೇ. ತಮ್ಮ ಹೈಸ್ಕೂಲಿನಲ್ಲಿದ್ದಾಗ ಗೋಡೆಗೆ ಅಂಟಿಸಿದ್ದ ಕ್ಯಾಲೆಂಡರಿನ ಚಿತ್ರ ಯಾವ ಕಾರಿನದೆಂದು ಬೇರೆ ಹೇಳಬೇಕಿಲ್ಲ.

ಬೆರ್ಥಾಳ ಕಥೆಯಲ್ಲಿ ನನ್ನನ್ನು ಹಿಡಿದಿಟ್ಟದ್ದು ಆಕೆಯ ಧೈರ್ಯಕ್ಕಿಂತ ಆ ಪಿನ್ನು, ಆ ತೊಗಲು, ಆ ನೀರು. ಯಂತ್ರವನ್ನು ಕಂಡುಹಿಡಿದವರ ಹೆಸರು ಎಲ್ಲರಿಗೂ ಗೊತ್ತು. ದಾರಿಯಲ್ಲಿ ಅದನ್ನು ನಡೆಸಿಕೊಂಡು ಹೋದವರ ಕೆಲಸ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಕಾರನ್ನು ಕುರಿತ ಹೊಗಳಿಕೆಯಲ್ಲಿ ನನಗೆ ಕಾಣುವ ದೊಡ್ಡ ಕೊರತೆಯೂ ಇದೇ. ಅದರ ಆರೈಕೆ ಯಾರದು? 1987ರ ಕಾರಿನ ಕ್ಲಚ್ಚು ಗಟ್ಟಿ. ಪೆಡಲುಗಳು ಮೇಲಿನಿಂದ ಇಳಿಬಿದ್ದಿಲ್ಲ, ಹೊಲಿಗೆ ಯಂತ್ರದ ಕಾಲುಮಣೆಯಂತೆ ನೆಲದಿಂದ ಎದ್ದಿವೆ. ಎಣ್ಣೆಯ ಮಟ್ಟವನ್ನು ಇಂಜಿನ್ನು ಬಿಸಿಯಾಗಿ ಓಡುತ್ತಿರುವಾಗಲೇ ಅಳೆಯಬೇಕು. ಚಳಿಗಾಲದಲ್ಲಿ ಒಳಗೆ ಬಿಸಿಗಾಳಿ ಬರಬೇಕಾದರೆ ಹೊಗೆಕೊಳವೆಯ ಶಾಖವೇ ಗತಿ. ಅದು ಕೊಟ್ಟಷ್ಟು, ಬಂದಷ್ಟು. ಚಕ್ರ ಜಾಮಾಗದಂತೆ ತಡೆಯುವ ಬ್ರೇಕೂ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ. ಇವೆಲ್ಲ ಭಾನುವಾರದ ಬೆಳಿಗ್ಗೆ ಒಬ್ಬನೇ ಹೊರಡುವವನಿಗೆ ಸೊಗಸು. ಮಳೆಯಲ್ಲಿ ಮಗಳನ್ನು ಸಂಗೀತದ ತರಗತಿಯಿಂದ ಕರೆತರಬೇಕಾದ ತಾಯಿಗೆ ಸೊಗಸಲ್ಲ. ದೂರದ ಬೆಟ್ಟ ನುಣ್ಣಗೆ ಎನ್ನುವ ಗಾದೆ ಕಾಲಕ್ಕೂ ಸಲ್ಲುತ್ತದೆ. ದೂರದ ವರ್ಷಗಳೂ ನುಣ್ಣಗೆ ಕಾಣುತ್ತವೆ.

ಈ ಮಾತನ್ನು ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. ಊರಿನಲ್ಲಿ ನಮ್ಮ ಹಳೆಯ ಹೆಂಚಿನ ಮನೆಯಿದೆ. ಎಂಬತ್ತು ದಾಟಿದ ಅಮ್ಮ ಅಲ್ಲಿದ್ದಾರೆ. ಬಚ್ಚಲುಮನೆ ಹಿತ್ತಲಿನಲ್ಲಿ; ಮಳೆಗಾಲದಲ್ಲಿ ಪಾಚಿ ಕಟ್ಟಿದ ಎರಡು ಮೆಟ್ಟಿಲಿಳಿದು ಹೋಗಬೇಕು. "ಎಲ್ಲ ಕೆಡವಿ ಆರ್‌ಸಿಸಿ ಮನೆ ಕಟ್ಟೋಣ ಅಕ್ಕಾ, ಈ ಹಳೇ ಮನೇನ ಯಾರು ನೋಡ್ಕೋತಾರೆ" ಎಂದವನು ನನ್ನ ತಮ್ಮನೇ. ಗಾಳಿಯ ಕಾರಿನ ಆತ್ಮವೇ ಅದರ ಹಳತನದಲ್ಲಿದೆ ಎಂದು ಹೇಳುವವನೂ ಅವನೇ. ಅವನಿಗೆ ಇದರಲ್ಲಿ ವಿರೋಧ ಕಂಡಿಲ್ಲ. ಹಳೆಯದು ಆಟಿಕೆಯಾದಾಗ ಆತ್ಮ, ವಾಸದ ಮನೆಯಾದಾಗ ತಲೆನೋವು! ಅಮ್ಮನನ್ನು ಕೇಳಿದರೆ ಅವರ ಉತ್ತರ ಒಂದೇ ಸಾಲಿನದು: "ಜಗಲಿ ಇರಲಿ, ಬಚ್ಚಲು ಒಳಗೆ ಬರಲಿ." ಹಳೆಯದು ಹೊಸದು ಎಂಬ ವಾದಕ್ಕೆ ನಾನು ಓದಿದ ಯಾವ ಪುಸ್ತಕದಲ್ಲೂ ಇಷ್ಟು ಖಚಿತವಾದ ವಿಮರ್ಶೆ ಸಿಕ್ಕಿಲ್ಲ. ಯಾವುದು ಉಳಿಯಬೇಕು, ಯಾವುದು ಬದಲಾಗಬೇಕು ಎಂದು ಅದರಲ್ಲಿ ಬಾಳುವವರು ಹೇಳಬೇಕು, ನೋಡಿ ಹೋಗುವವರಲ್ಲ.

ಆ ಅಳತೆಗೋಲಿನಿಂದ ಹೊಸದನ್ನೂ ಬಿಡಬಾರದು. 996ರ ಒಳಗಿನ ಪ್ಲಾಸ್ಟಿಕ್ಕು ಆ ಬೆಲೆಗೆ ತಕ್ಕದ್ದಲ್ಲ. ಅದಕ್ಕಿಂತ ಗಂಭೀರವಾದದ್ದು, ಇಂಜಿನ್ನಿನೊಳಗಿನ ಒಂದು ನಡುದಂಡದ ಬೇರಿಂಗು ಕೆಲವು ಕಾರುಗಳಲ್ಲಿ ಸವೆದು ಇಡೀ ಇಂಜಿನ್ನನ್ನೇ ಹಾಳುಗೆಡವಿದ್ದುಂಟು. ಮುಂದಿನ ಪೀಳಿಗೆಗಳು ಇನ್ನೂ ಸುಧಾರಿಸಿದವು, ಇನ್ನೂ ಊದಿದವು. ಮೊದಲ ಕಾರಿನ ಅಗಲ 1,610 ಮಿಲಿಮೀಟರು, ತೂಕ ಸುಮಾರು 1,080 ಕಿಲೋ. 2018ರಲ್ಲಿ ಬಂದ 992ರ ಅಗಲ 1,852, ತೂಕ ಸುಮಾರು 1,500 ಕಿಲೋ. 2015ರಿಂದ ಸಾಮಾನ್ಯ ಕರೇರಾಗಳಿಗೂ ಟರ್ಬೊ ಬಂತು. 2024ರಲ್ಲಿ ಒಂದು ಮಾದರಿಗೆ ಬ್ಯಾಟರಿಯ ನೆರವೂ ಬಂತು. ಅದೇ ವರ್ಷ ಸ್ಟೀರಿಂಗಿನ ಎಡಕ್ಕೆ ಬೀಗದ ಕೈ ತಿರುಗಿಸುವ ಹಳೆಯ ಕ್ರಮ ಹೋಗಿ ಒತ್ತುವ ಗುಂಡಿ ಬಂತು. ಐದು ದುಂಡು ಗಡಿಯಾರಗಳಿದ್ದ ಕಡೆ ಪರದೆ ಬಂತು. ಚಕ್ರದ ಹಿಡಿತ, ಬ್ರೇಕು, ಹೊಗೆ, ಇವು ಅಮ್ಮ ಕೇಳುವ ಒಳಬಚ್ಚಲಿದ್ದ ಹಾಗೆ, ಬರಲೇಬೇಕು. ಬೀಗದ ಕೈ, ಮುಳ್ಳಿನ ಗಡಿಯಾರ, ಇವು ಜಗಲಿ, ಯಾರಿಗೂ ಅಡ್ಡವಾಗಿರಲಿಲ್ಲ. ಅವನ್ನು ತೆಗೆದದ್ದು ಬಾಳುವವರ ಅಗತ್ಯಕ್ಕಲ್ಲ, ಹೊಸತೆಂದು ತೋರಿಸಿಕೊಳ್ಳುವುದಕ್ಕೆ.

ಸ್ಟುಟ್‌ಗಾರ್ಟಿನಿಂದ ಬಹುದೂರವಿಲ್ಲದ ಟ್ಯೂಬಿಂಗೆನ್ ಕನ್ನಡಿಗರಾದ ನಮಗೆ ಬೇರೆ ಕಾರಣಕ್ಕೆ ಗೊತ್ತಿರಬೇಕಾದ ಊರು. ಕಿಟೆಲ್ಲರು 1903ರಲ್ಲಿ ತೀರಿಕೊಂಡದ್ದು ಅಲ್ಲೇ. ಅವರ ನಿಘಂಟು 1894ರದು. ಅದನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಬೆಳೆಸಿದ್ದನ್ನು ಮದ್ರಾಸು ವಿಶ್ವವಿದ್ಯಾಲಯ 1968ರಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಯಾವ ನಿಘಂಟು ನಿಜವಾದ ಕಿಟೆಲ್ ಎಂದು ಕೇಳುವವರುಂಟೆ? ಪಾಠಕ್ಕೆ ಬೇಕಾದಾಗ ಪರಿಷ್ಕೃತವನ್ನು ತೆರೆಯುತ್ತೇವೆ. ಮೊದಲಿನದು ಕಂಡರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಒಂದೇ ಗಳಿಗೆಯಲ್ಲಿ ಎರಡೂ ಆಗಬೇಕೆಂದು ಹಟ ಹಿಡಿದಾಗಲೇ ತೊಂದರೆ.

ಇನ್ನು ತೀರ್ಪು. ಕೃತಿಯೆಂದು ನೋಡಿದರೆ ನನ್ನ ಅಂಕ 993ಕ್ಕೆ. ಜಗಲಿಯನ್ನೂ ಉಳಿಸಿಕೊಂಡು ಬಚ್ಚಲನ್ನೂ ಒಳಗೆ ತಂದ ಕಾರು ಅದು. ಹಳೆಯ ಗಾಳಿ, ಹಳೆಯ ದನಿ, ಹೊಸ ಆಕ್ಸಲ್. ಆದರೆ ಗಾಳಿಯ ಕಾರು ಇನ್ನು ಹುಟ್ಟುವುದಿಲ್ಲವೆಂಬ ಕಾರಣಕ್ಕೆ ಅದರ ಬೆಲೆ ಸಂಬಳದವರ ಕೈಗೆ ಸಿಗದಷ್ಟು ಏರಿದೆ. ವಿರಳವಾದದ್ದಕ್ಕೆ ಬೆಲೆ ಹೆಚ್ಚು ಎಂಬುದು ಸಂತೆಯ ನ್ಯಾಯ, ವಿಮರ್ಶೆಯ ನ್ಯಾಯವಲ್ಲ. ತಮ್ಮನ ಮುಂದಿರುವ ಎರಡರಲ್ಲಿ, ಕಾರನ್ನು ಮುಸುಕು ಹೊದಿಸಿ ಶೆಡ್ಡಿನಲ್ಲಿಟ್ಟು ನೋಡುವುದಾದರೆ 1987ರದು ಸರಿ. ಓಡಿಸುವುದಾದರೆ, ಅವಳೂ ಓಡಿಸುವುದಾದರೆ, ಬೈಸಿಕೊಂಡ 1999ರ ನೀರಿನ ಕಾರೇ ಸರಿ. ಬಲ್ಲವರಿಂದ ಆ ಬೇರಿಂಗನ್ನು ಪರೀಕ್ಷೆ ಮಾಡಿಸಿ, ಬೇಕಿದ್ದರೆ ಬದಲಾಯಿಸಿ ಕೊಳ್ಳಲಿ. ಮೊಟ್ಟೆಗಣ್ಣು ಒಳಗೆ ಕೂತವರಿಗೆ ಕಾಣುವುದಿಲ್ಲ.

ಇಷ್ಟನ್ನೂ ಅವನಿಗೆ ಪತ್ರದಲ್ಲಿ ಬರೆದಿದ್ದೇನೆ. ಎರಡು ಕಾರುಗಳ ಬೆಲೆಯ ನಡುವಿನ ಅಂತರದಲ್ಲಿ ಊರಿನ ಮನೆಗೆ ಒಳಗೇ ಒಂದು ಬಚ್ಚಲು ಕಟ್ಟಿಸಿ, ಸೋರುವ ಹೆಂಚು ಬದಲಿಸಿ, ಇನ್ನೂ ಮಿಗಿಸಬಹುದೆಂದು ಮೇಸ್ತ್ರಿಯಿಂದ ಲೆಕ್ಕ ಬರೆಸಿ ಅದನ್ನೂ ಜೊತೆಗಿಟ್ಟಿದ್ದೇನೆ. ಅವನು ಇನ್ನೂ ಯೋಚಿಸುತ್ತಿದ್ದಾನಂತೆ. ಯೋಚಿಸಲಿ. ಮಳೆ ಹಿಡಿಯಲು ಇನ್ನು ಎರಡೇ ತಿಂಗಳಿದೆ ಎಂಬುದನ್ನು ಮಾತ್ರ ಕೊನೆಗೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.